ಹಳೇ ಎಲೆಕ್ಟ್ರಿಕ್ ಗಾರ್ಡನ್ ಟ್ರಾಕ್ಟರ್: ಚಾರ್ಜರ್ ಗುಂಯ್ ಅನ್ನುತ್ತದೆ, ಬ್ಯಾಟರಿ ತುಂಬುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಪಕ್ಕದ ಮನೆಯ ಅಜ್ಜ ಊರು ಬಿಡುವಾಗ 1970ರ ದಶಕದ 36 ವೋಲ್ಟ್ ಟ್ರಾಕ್ಟರ್ ಕೊಟ್ಟು ಹೋದರು. 6 ವೋಲ್ಟಿನ ಆರು ಬ್ಯಾಟರಿ ಕಳೆದ ವರ್ಷವಷ್ಟೇ ಹಾಕಿಸಿದ್ದೇನೆ. ಈಗ ರಾತ್ರಿಯಿಡೀ ಚಾರ್ಜಿಗಿಟ್ಟರೂ 38.5 ವೋಲ್ಟ್ ದಾಟುವುದಿಲ್ಲ, ತುಂಬಲು 44ರ ಹತ್ತಿರ ಬರಬೇಕು. ಫ್ಯೂಸ್ ಸರಿಯಾಗಿದೆ. ಹಳೇ ಚಾರ್ಜರ್ ಕಿತ್ತು ಸ್ಮಾರ್ಟ್ ಚಾರ್ಜರ್ ಹಾಕಿಬಿಡಲಾ?

ಉತ್ತರ:
ಸುಮ್ನೆ ಕಿತ್ತು ಹಾಕಬೇಡಿ ಸರ್! ನನ್ನ ಹತ್ತಿರ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲೆಕ್-ಟ್ರಾಕ್ ಇದೆ. 1969ರಲ್ಲಿ ಮಾರಾಟಕ್ಕೆ ಬಂದ ಸರಣಿ ಅದು. ಅದರ ಚಾರ್ಜರ್ ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಆ ಕಾಲದ ಇಂಥ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫೆರೋರೆಸೊನೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಕೆಪಾಸಿಟರ್ ಜೊತೆ ಸೇರಿ ಔಟ್‌ಪುಟ್ ವೋಲ್ಟೇಜನ್ನು ಸ್ಥಿರವಾಗಿಡುವ ಟ್ರಾನ್ಸ್‌ಫಾರ್ಮರ್. ಕಬ್ಬಿಣ, ತಾಮ್ರ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್, ಒಂದು ಟೈಮರ್, ವಿದ್ಯುತ್ ಹಿಡಿದಿಟ್ಟುಕೊಳ್ಳುವ ಒಂದು ಕೆಪಾಸಿಟರ್. ಅಷ್ಟೇ. ಕಬ್ಬಿಣ ತಾಮ್ರಕ್ಕೆ ಏನೂ ಆಗುವುದಿಲ್ಲ. ಔಟ್‌ಪುಟ್ ವೋಲ್ಟೇಜನ್ನು ಎತ್ತಿ ಹಿಡಿಯುವುದು ಕೆಪಾಸಿಟರ್. ಅದು ಸೊರಗಿದರೆ ನೀವು ಹೇಳಿದ ಹಾಗೇ ಆಗುತ್ತದೆ: ಶಬ್ದ ಇರುತ್ತದೆ, ಚಾರ್ಜ್ ಇರುವುದಿಲ್ಲ. ಡಯೋಡ್ ಶಾರ್ಟ್ ಆಗಿದ್ದರೆ ಫ್ಯೂಸ್ ಉಳಿಯುತ್ತಿರಲಿಲ್ಲ.

ಮೊದಲು ಆರೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಒಂದು ಸೆಲ್ ಸತ್ತಿದ್ದರೂ ಇದೇ ಲಕ್ಷಣ. ಅವು ಸರಿಯಿದ್ದರೆ ಪ್ಲಗ್ ಕಿತ್ತು, ಬ್ಯಾಟರಿ ವೈರನ್ನೂ ಬಿಚ್ಚಿ. ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದರ ಎರಡು ತುದಿಗೂ ರೆಸಿಸ್ಟರ್ (ಕರೆಂಟನ್ನು ತಡೆದು ಬಿಡುವ ಬಿಡಿಭಾಗ) ತಾಗಿಸಿ, ಖಾಲಿ ಮಾಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಶೂರತನ ಬೇಡ. ಆಮೇಲೆ ಕೆಪಾಸಿಟರ್‌ನ ಒಂದು ವೈರ್ ಬಿಚ್ಚಿ ಮೀಟರ್‌ನಲ್ಲಿ ಮೈಕ್ರೋಫ್ಯಾರಡ್ (ಕೆಪಾಸಿಟರ್ ಸಾಮರ್ಥ್ಯದ ಅಳತೆ) ನೋಡಿ.

ಪ್ರಶ್ನೆ ಕೇಳಿದವರು:
ಬ್ಯಾಟರಿ ಆರೂ ಸರಿಯಾಗಿವೆ. ಕೆಪಾಸಿಟರ್ ಮೇಲೆ 6 ಅಂತ ಬರೆದಿದೆ, ಮೀಟರ್ 2.9 ತೋರಿಸುತ್ತಿದೆ. ತಗಡಿನ ಡಬ್ಬಿ, ಮೂಲೆಯಲ್ಲಿ ಎಣ್ಣೆ ಜಿನುಗಿದೆ.

ಉತ್ತರ:
ಕಳ್ಳ ಸಿಕ್ಕಿದ! ಆದರೆ ಆ ಎಣ್ಣೆಯನ್ನು ಬರಿಗೈಲಿ ಮುಟ್ಟಬೇಡಿ. 1979ಕ್ಕೂ ಮುಂಚೆ ಅಮೆರಿಕದಲ್ಲಿ ತಯಾರಾದ ಕೆಪಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆ ಇರುವುದುಂಟು. ಕೈಗವಸು ಹಾಕಿಕೊಂಡು ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸ ತಗೊಳ್ಳುವ ಕಡೆ ಕೊಡಿ.

ಹೊಸದು ಅಷ್ಟೇ ಮೈಕ್ರೋಫ್ಯಾರಡ್ ಇರಲಿ. ಎಸಿ ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರಲಿ. ಮೋಟಾರ್ ರನ್ ಕೆಪಾಸಿಟರ್ (ಸದಾ ಕರೆಂಟಿನಲ್ಲಿರಲು ಮಾಡಿದ್ದು) ಕೇಳಿ ತಗೊಳ್ಳಿ. ಕ್ಷಣಮಾತ್ರದ ಬಳಕೆಯ ಸ್ಟಾರ್ಟ್ ಕೆಪಾಸಿಟರ್ ಹಾಕಿದರೆ ಸಿಡಿಯುತ್ತದೆ.

ಇನ್ನೊಬ್ಬರು:
ನಡುವೆ ಬಾಯಿ ಹಾಕುತ್ತಿದ್ದೇನೆ. ಇಂಥದ್ದೊಂದನ್ನು ಬೆಂಗಳೂರಿಗೆ ತರಿಸಿ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ನಡೆಯುತ್ತದಾ?

ಉತ್ತರ:
ಟ್ರಾಕ್ಟರ್ ನಡೆಯುತ್ತದೆ, ಚಾರ್ಜರ್ ನಡೆಯುವುದಿಲ್ಲ. ಅದನ್ನು ಅಮೆರಿಕದ ಕರೆಂಟಿನ 60 ಹರ್ಟ್ಜ್ ಆವರ್ತನಕ್ಕೆ ಹೊಂದಿಸಿರುತ್ತಾರೆ, ಭಾರತದಲ್ಲಿ 50. ಔಟ್‌ಪುಟ್ ಆರರಲ್ಲೊಂದು ಪಾಲು ಇಳಿಯುತ್ತದೆ. 44 ವೋಲ್ಟ್ ಬೇಕಾದಲ್ಲಿ 37 ಬಂದರೆ ಏನು ಪ್ರಯೋಜನ? ಅಲ್ಲಿ ಬೇರೆ ಚಾರ್ಜರೇ ಗತಿ.

ಪ್ರಶ್ನೆ ಕೇಳಿದವರು:
ನಿನ್ನೆ ಹೊಸ ಕೆಪಾಸಿಟರ್ ಹಾಕಿದೆ. ಐದು ಗಂಟೆಯಲ್ಲಿ 43.6 ಮುಟ್ಟಿತು. ಆದರೆ ಟೈಮರ್ ಸೊನ್ನೆಗೆ ಬಂದರೂ ಚಾರ್ಜರ್ ನಿಲ್ಲಲಿಲ್ಲ.

ಉತ್ತರ:
ಟೈಮರ್ ಒಳಗಿನ ಸ್ವಿಚ್ಚಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಉಜ್ಜಿ ನೋಡಬಹುದು, ಆದರೆ ಮತ್ತೆ ಅಂಟುತ್ತದೆ. ಬದಲಾಯಿಸಿಬಿಡಿ. ಅಲ್ಲಿವರೆಗೆ ಮೊಬೈಲಲ್ಲಿ ಅಲಾರಂ ಇಟ್ಟುಕೊಂಡು ಕೈಯಾರೆ ಪ್ಲಗ್ ಕೀಳಿ. ಮರೆತರೆ ಬ್ಯಾಟರಿ ನೀರು ಕುದಿದು ಹೋಗುತ್ತದೆ.