ದೈವೀ ಕರುಣೆಯ ನವೇನ: ಶಿಫ್ಟ್ ಡ್ಯೂಟಿ ಇದ್ದವರು ಹೇಗೆ ಮಾಡುತ್ತೀರಿ?

ಐಸಿಯು ನರ್ಸ್, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಸಲ ಶುಭ ಶುಕ್ರವಾರ ಏಪ್ರಿಲ್ 3ಕ್ಕೆ ಬಂದಿದೆ. ಅವತ್ತೇ ದೈವೀ ಕರುಣೆಯ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು ಮಾಡು ಅಂತ ಅಮ್ಮ ಊರಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ವಿಷಯ ನನ್ನ ತಮ್ಮನದು. ದುಬೈಯಲ್ಲಿದ್ದಾನೆ, ಕೆಲಸ ಚೆನ್ನಾಗಿದೆ. ಆದರೆ ಪೂಜೆಗೆ ಹೋಗುವುದು ಬಿಟ್ಟು ವರ್ಷಗಳಾದವು. ಕೇಳಿದರೆ "ಆ ಡಿಪಾರ್ಟ್‌ಮೆಂಟ್ ನಿಮಗೇ ಬಿಟ್ಟಿದ್ದೀನಿ" ಅಂತ ನಗುತ್ತಾನೆ. ಚರ್ಚಿನ ಮೇಲೆ ಕೋಪ ಇಲ್ಲ, ಯಾರ ಜೊತೆಯೂ ಜಗಳ ಇಲ್ಲ. ಸುಮ್ನೆ ಬಿಟ್ಟಿದ್ದಾನೆ.

ನನ್ನ ಕಷ್ಟ ಬೇರೆ. ಮಧ್ಯಾಹ್ನ ಮೂರಕ್ಕೇ ಹೇಳಬೇಕು ಅನ್ನುತ್ತಾರೆ. ಡೇ ಶಿಫ್ಟ್ ಇದ್ದರೆ ಆ ಹೊತ್ತಿಗೆ ಒಂದು ಬೆಡ್‌ನಲ್ಲಿ ಸಕ್ಷನ್, ಪಕ್ಕದ ಬೆಡ್‌ನಲ್ಲಿ ಪಂಪ್ ಬಡಿದುಕೊಳ್ಳುತ್ತಿರುತ್ತದೆ. ನೈಟ್ ಇದ್ದರೆ ನಾನು ಗಾಢ ನಿದ್ದೆಯಲ್ಲಿ. ಒಂದು ದಿನ ತಪ್ಪಿದರೂ ಮೊದಲಿಂದ ಶುರು ಮಾಡಬೇಕು, ಒಂಬತ್ತು ಜನಕ್ಕೆ ಕಳಿಸಬೇಕು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ? ಇನ್ನೊಂದು: ತಮ್ಮನಿಗಾಗಿ ಬೇಡುವುದನ್ನು ಎಲ್ಲಿ ಸೇರಿಸಬೇಕು?

ಕೋಲಾರದವನು

ತಪ್ಪಿದರೆ ಮೊದಲಿಂದ ಶುರು ಮಾಡಬೇಕು ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು ಸಿಸ್ಟರ್. ಅವರ ಪ್ರಕಾರ ಜಪಸರ ಎಡಗೈಯಲ್ಲಿ ಹಿಡಿಯುವುದೂ ತಪ್ಪೇ. ಫಾದರ್ ಹತ್ತಿರ ಒಂದು ಮಾತು ಕೇಳಿಬಿಡಿ.

ಉಪದೇಶಿ ಟೀಚರ್

ಅಜ್ಜಿಯರ ರೂಲ್ಸ್ ಬೇರೆ, ಧರ್ಮಸಭೆಯ ರೂಲ್ಸ್ ಬೇರೆ! ಮಗಳೇ, ಆ ಫಾರ್ವರ್ಡ್ ಮೊದಲು ಡಿಲೀಟ್ ಮಾಡು. ಒಂಬತ್ತು ಜನಕ್ಕೆ ಕಳಿಸುವ ಶರತ್ತು ಈ ನವೇನದಲ್ಲಿ ಎಲ್ಲೂ ಇಲ್ಲ. ನಮ್ಮ ಚರ್ಚಿನ ಬೆಂಚುಗಳ ಮೇಲೂ ಇಂಥ ಜೆರಾಕ್ಸ್ ಚೀಟಿ ಬಿದ್ದಿರುತ್ತವೆ. ಗುಡಿಸಿ ಗುಡಿಸಿ ನನಗೆ ಸಾಕಾಗಿದೆ.

ಮೂರು ಗಂಟೆ ಅನ್ನುವುದು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು. ಅದಕ್ಕೇ ಅದಕ್ಕೆ ಅಷ್ಟು ಮಹತ್ವ. ಆದರೆ ಈ ಭಕ್ತಿಯನ್ನು ನಮಗೆ ತಲುಪಿಸಿದ ಸಂತ ಫೌಸ್ತಿನಾ ತನ್ನ ದಿನಚರಿಯಲ್ಲೇ ಬರೆದಿದ್ದಾರೆ, ಚಾಪೆಲ್‌ಗೆ ಹೋಗಲು ಆಗದಿದ್ದರೆ ಇದ್ದಲ್ಲೇ ಒಂದು ಕ್ಷಣ ಮನಸ್ಸು ಅತ್ತ ತಿರುಗಿಸಿದರೂ ಆಯಿತು ಅಂತ. ನವೇನವನ್ನು ಮೂರಕ್ಕೇ ಹೇಳಬೇಕು ಅಂತಲೂ ಇಲ್ಲ. ನೈಟ್ ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಹೇಳು. ನವೇನದಲ್ಲಿ ದಿನಾ ಹೇಳುವ ಕರುಣೆಯ ಜಪಕ್ಕೆ ಜಪಸರ ತೆಗೆಯಲು ಆಗದಿದ್ದರೆ ಗ್ಲೌಸ್ ಒಳಗೆ ಬೆರಳು ಎಣಿಸು, ಹತ್ತು ಬೆರಳು, ಐದು ಸುತ್ತು. ಶುರುವಿಗೆ ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ. ದೊಡ್ಡ ಮಣಿಗೆ ನಿತ್ಯ ಪಿತನಿಗೆ ಅರ್ಪಣೆ, ಸಣ್ಣ ಮಣಿಗೆ ನಮ್ಮ ಮೇಲೂ ಇಡೀ ಲೋಕದ ಮೇಲೂ ದಯೆ ತೋರು ಅನ್ನುವ ಬೇಡಿಕೆ. ಕೊನೆಗೆ ಪರಿಶುದ್ಧ ದೇವರ ಸ್ತುತಿ ಮೂರು ಸಲ. ಹತ್ತು ನಿಮಿಷವೂ ಬೇಡ.

ಫೌಸ್ತಿನಾ ಏನು ದೊಡ್ಡ ಪಂಡಿತೆಯಲ್ಲ. ಪೋಲೆಂಡಿನ ಬಡ ಮನೆಯ ಹುಡುಗಿ, ಶಾಲೆ ಕಲಿತದ್ದು ಮೂರು ವರ್ಷವೂ ಇಲ್ಲ. ಮಠದಲ್ಲಿ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ. ಆಲೂಗಡ್ಡೆ ಬೇಯಿಸಿದ ದೊಡ್ಡ ಪಾತ್ರೆಯ ನೀರು ಬಸಿಯಲೂ ಕೈಯಲ್ಲಿ ಶಕ್ತಿ ಇರಲಿಲ್ಲ. 1935ರ ಸೆಪ್ಟೆಂಬರ್‌ನಲ್ಲಿ ವಿಲ್ನಿಯಸ್‌ನಲ್ಲಿ ಈ ಜಪ ಆಕೆಗೆ ದೊರೆಯಿತು. ಕ್ಷಯರೋಗದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. 1938ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡರು. ಆ ಆಸ್ಪತ್ರೆಯಲ್ಲಿ ಸಾಯುತ್ತಿದ್ದವರಿಗಾಗಿ ಇದೇ ಜಪ ಹೇಳುತ್ತಿದ್ದರು. ಐಸಿಯುನಲ್ಲಿ ಜಾಗ ಸರಿಯಿಲ್ಲ ಅಂತ ನೀನು ಅಂದುಕೊಳ್ಳಬೇಡ.

ಈಗ ತಮ್ಮನ ವಿಷಯ. ಈ ನವೇನದಲ್ಲಿ ನಮ್ಮ ಬೇಡಿಕೆಗೆ ಜಾಗ ಕಡಿಮೆ. ಒಂದೊಂದು ದಿನ ಒಂದೊಂದು ಗುಂಪಿನವರನ್ನು ಕರುಣೆಯ ಹತ್ತಿರ ಕರೆತರುವುದೇ ಕೆಲಸ. ಮೊದಲ ದಿನ ಎಲ್ಲ ಪಾಪಿಗಳು, ಎರಡಕ್ಕೆ ಗುರುಗಳು, ಸಿಸ್ಟರ್‌ಗಳು. ನಾಲ್ಕನೇ ದಿನ ಯೇಸುವನ್ನು ನಂಬದವರು, ಇನ್ನೂ ಅರಿಯದವರು. ಎಂಟಕ್ಕೆ ಶುದ್ಧೀಕರಣ ಸ್ಥಳದ ಆತ್ಮಗಳು. ಒಂಬತ್ತನೇ ದಿನ ನಂಬಿಕೆಯಲ್ಲಿ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದವರು. ನಿನ್ನ ತಮ್ಮ ನಾಲ್ಕನೇ ದಿನದವನಲ್ಲ, ಒಂಬತ್ತನೇ ದಿನದವನು. ಸ್ವಲ್ಪ ಖಾರ ಅನ್ನಿಸಬಹುದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸುವಿಗೆ ತುಂಬಾ ನೋವು ಕೊಟ್ಟವರು ಇಂಥವರೇ ಅಂತ ಆ ದಿನದ ಪಾಠದಲ್ಲಿದೆ. ಆದರೂ ಅವರನ್ನೂ ಬಿಟ್ಟಿಲ್ಲ ನೋಡು, ಕೊನೆಗಾದರೂ ಹೆಸರು ಕರೆದಿದ್ದಾರೆ.

ಐಸಿಯು ನರ್ಸ್, ಮೈಸೂರು

ಟೀಚರ್, ನಿಜ ಹೇಳಿದರೆ ಒಂಬತ್ತನೇ ದಿನಕ್ಕೆ ನಾನೂ ಸೇರುತ್ತೇನೆ ಅಲ್ವಾ? ಅಮ್ಮನಿಗೆ ಹೇಳಬೇಡಿ! ಒಂದು ದಿನ ನಿಜವಾಗಿ ತಪ್ಪಿದರೆ ಏನು ಮಾಡಲಿ? ತಮ್ಮನಿಗೆ ತಿಳಿಸಲೋ ಬೇಡವೋ?

ಉಪದೇಶಿ ಟೀಚರ್

ತಪ್ಪಿದ ದಿನದ್ದನ್ನು ಮರುದಿನದ ಜೊತೆ ಸೇರಿಸಿ ಹೇಳಿಬಿಡು. ನವೇನ 11ಕ್ಕೆ, ಶನಿವಾರ ಮುಗಿಯುತ್ತದೆ. 12ರ ಭಾನುವಾರ ದೈವೀ ಕರುಣೆಯ ಹಬ್ಬ. ಫೌಸ್ತಿನಾಗೆ ಸಂತ ಪದವಿ ಕೊಟ್ಟ ದಿನವೇ, 2000ದ ಏಪ್ರಿಲ್ 30ರಂದು, ಪೋಪ್ ಎರಡನೇ ಜಾನ್ ಪೌಲ್ ಇದನ್ನು ಇಡೀ ಧರ್ಮಸಭೆಯ ಹಬ್ಬ ಮಾಡಿದರು. ಅವತ್ತು ಪರಮಪ್ರಸಾದ ತೆಗೆದುಕೋ. ಪಾಪನಿವೇದನೆ ಅದೇ ದಿನ ಆಗಬೇಕೆಂದಿಲ್ಲ, ಪವಿತ್ರ ವಾರಕ್ಕೆ ಮುಂಚೆಯೇ ಮುಗಿಸಿಕೋ. ಆಮೇಲೆ ಕ್ಯೂ ಗೇಟು ದಾಟುತ್ತದೆ.

ತಮ್ಮನಿಗೆ ಏನೂ ಹೇಳಬೇಡ. ನಿನಗಾಗಿ ನವೇನ ಮಾಡುತ್ತಿದ್ದೇನೆ ಅಂದರೆ ಯಾವ ಹುಡುಗನಿಗೂ ಮುಜುಗರವೇ. ಹಬ್ಬದ ದಿನ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳು, ಸಾಕು.

ಕೋಲಾರದವನು

ಟೀಚರ್, ಎಡಗೈ ವಿಷಯ ಹೇಳಲೇ ಇಲ್ಲ ನೀವು.

ಉಪದೇಶಿ ಟೀಚರ್

ಯಾವ ಕೈಯಾದರೂ ಸರಿ ಕಣಪ್ಪ, ಇನ್ನೊಂದು ಕೈಯಲ್ಲಿ ಮೊಬೈಲ್ ಇರಬಾರದು ಅಷ್ಟೇ.