ಅಶ್ವಿನಿ, ಭರಣಿ ಮಳೆಯ ಸಿಡಿಲು: ಮನೆ, ಮೋಟರ್, ಆಳುಗಳಿಗೆ ಏನು ಭದ್ರತೆ?

ಪ್ರಶ್ನೆ (ಸಕಲೇಶಪುರ ಕಡೆ): ಐದು ಎಕರೆ ಕಾಫಿ, ಮೆಣಸು. ಕರೆಂಟ್ ಲೈನಿನ ಕೊನೇ ಮನೆ ನಮ್ಮದು. ಬಿಸಿಲು ಏರಿದಷ್ಟೂ ಮಧ್ಯಾಹ್ನದ ಗುಡುಗು ಜೋರು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಸ್ಟೆಬಿಲೈಜರ್ ಎರಡೂ ಇವೆ. ಬೋರ್‌ವೆಲ್ ಪ್ಯಾನಲ್, ಯುಪಿಎಸ್ ಉಳಿಸಿಕೊಳ್ಳಲು ಇನ್ನೇನು ಬೇಕು? ಮೆಣಸು ಕೊಯ್ಯುವವರು ಏಣಿ ಮೇಲಿರುವಾಗ ಏನು ನಿಯಮ ಇಟ್ಟುಕೊಳ್ಳಬೇಕು? ತಿಳಿದವರು ಹೇಳಿ.

ವೈರಿಂಗ್ ಕೆಲಸದವರು, ಹಾಸನ:
ಎಂಸಿಬಿ ಸಿಡಿಲಿಗೆ ಇರುವುದಲ್ಲ ಸಾರ್. ಅದು ಟ್ರಿಪ್ ಆಗುವಷ್ಟರಲ್ಲಿ ಏಟು ಒಳಗೆ ಹೊಕ್ಕು ಹೋಗಿಯೂ ಆಗಿರುತ್ತದೆ. ಸ್ಟೆಬಿಲೈಜರ್ ಹಣೆಬರಹವೂ ಅಷ್ಟೇ. ಬೇಕಾದದ್ದು ಸರ್ಜ್ ಪ್ರೊಟೆಕ್ಟರ್, ಲೈನಿನಲ್ಲಿ ನುಗ್ಗುವ ಏಟನ್ನು ನೆಲಕ್ಕೆ ಇಳಿಸುವ ಸಾಧನ. ಆದರೆ ಅರ್ಥಿಂಗ್ ಸರಿಯಿಲ್ಲದೆ ಅದನ್ನು ಹಾಕಿಸಿದರೆ ದುಡ್ಡು ದಂಡ, ಏಟನ್ನು ಇಳಿಸಲು ಅದಕ್ಕೆ ದಾರಿಯೇ ಇರುವುದಿಲ್ಲ.

ನಮ್ಮ ಕಡೆ ಎಡವುವುದು ಇಲ್ಲೇ. ಆಗಸ್ಟ್‌ನಲ್ಲಿ ಅಳೆದರೆ ಚೆನ್ನಾಗಿ ಕಾಣುವ ಅರ್ಥಿಂಗ್, ಏಪ್ರಿಲ್‌ನಲ್ಲಿ ಕೆಮ್ಮಣ್ಣು ಒಣಗಿ ಗಟ್ಟಿಯಾದಾಗ ಕೆಟ್ಟಿರುತ್ತದೆ. ಸಿಡಿಲು ಜಾಸ್ತಿ ಇರುವುದೂ ಆಗಲೇ. ಆದ್ದರಿಂದ ಅಳತೆ ಬೇಸಿಗೆಯಲ್ಲೇ ಮಾಡಿಸಿ, ಅರ್ಥ್ ಟೆಸ್ಟರ್ ಇರುವವರನ್ನೇ ಕರೆಸಿ. ಬಲ್ಬ್ ಹೊತ್ತಿಸಿ ತೋರಿಸುವುದು ಪರೀಕ್ಷೆಯಲ್ಲ. ಅರ್ಥಿಂಗಿನ ತಡೆ 5 ಓಮ್ ಒಳಗೆ ಬಂದರೆ ಒಳ್ಳೆಯದು.

ಅರ್ಥಿಂಗ್ ಗುಂಡಿಗೆ 2.5 ಮೀಟರ್ ಉದ್ದದ ತೂತು ಕೊರೆದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ, ಮೇಲೆ ನೀರು ಹೊಯ್ಯಲು ಕೊಳವೆ ಮತ್ತು ಮುಚ್ಚಳ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಮೂರು ಬಿಂದಿಗೆ ನೀರು. ಉಪ್ಪು ಪೈಪನ್ನು ತಿನ್ನುತ್ತದೆ, ಕ್ಲಾಂಪ್ ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಒಂದು ಗುಂಡಿಯಲ್ಲಿ ಓಮ್ ಇಳಿಯದಿದ್ದರೆ ಅದರ ಪಕ್ಕಕ್ಕೇ ಇನ್ನೊಂದು ತೋಡಬೇಡಿ. ಕನಿಷ್ಠ ಐದು ಮೀಟರ್ ದೂರದಲ್ಲಿ ತೋಡಿ ಎರಡನ್ನೂ ಪಟ್ಟಿಯಿಂದ ಜೋಡಿಸಿ.

ಪ್ರೊಟೆಕ್ಟರ್ ಜಾಗ ಮೇನ್ ಸ್ವಿಚ್ ಆದ ಕೂಡಲೇ. ಮನೆ ಬೋರ್ಡಿಗೆ ಹಾಕುವ ಟೈಪ್ 2 ಬಗೆಯದಕ್ಕೆ ಕನಿಷ್ಠ 6 ಚದರ ಮಿಲಿಮೀಟರ್ ತಾಮ್ರದ ಅರ್ಥ್ ವೈರ್. ಲೈನಿನಿಂದ ಪ್ರೊಟೆಕ್ಟರ್‌ಗೆ, ಅಲ್ಲಿಂದ ಅರ್ಥ್ ಬಾರ್‌ಗೆ (ಅರ್ಥ್ ವೈರುಗಳು ಕೂಡುವ ಪಟ್ಟಿ) ಸೇರಿ ವೈರ್ ಅರ್ಧ ಮೀಟರ್ ದಾಟಬಾರದು. ಚೆಂದಕ್ಕೆ ಸುರುಳಿ ಸುತ್ತಿದರೆ ಆ ಸುರುಳಿಯೇ ಏಟನ್ನು ತಡೆದು ಉಪಕರಣದ ಕಡೆ ತಳ್ಳುತ್ತದೆ. ಪ್ರೊಟೆಕ್ಟರ್ ಮೇಲಿನ ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಅದು ಮುಗಿದಂತೆ, ಬದಲಿಸಿ. ಬೋರ್‌ವೆಲ್ ಪ್ಯಾನಲ್ ಮನೆಯಿಂದ ದೂರವಿದ್ದರೆ ಅದಕ್ಕೆ ಬೇರೆಯದೇ ಬೇಕು, ಮೂರು ಫೇಸಿನದು.

ಮನೆ ಮೇಲಿನ ಸಿಡಿಲು ಕಂಬಿ ಕಟ್ಟಡವನ್ನು ಕಾಯುತ್ತದೆ, ಟಿವಿಯನ್ನಲ್ಲ.

ತೋಟದ ರೈಟರ್, ಮೂಡಿಗೆರೆ:
ಮೋಟರ್ ವಿಷಯ ಅವರು ಹೇಳಿದರು. ಆಳುಗಳ ವಿಷಯಕ್ಕೆ ಬಂದರೆ ಮೊದಲ ಶತ್ರು ಅಲ್ಯೂಮಿನಿಯಂ ಏಣಿ ಮಾರಾಯ್ರೆ. ಸಿಡಿಲು ಹಾಗಿರಲಿ, ಸಿಲ್ವರ್ ಓಕ್ ಸಾಲಿನ ಮೇಲೆ ಲೈನ್ ಹಾದಿದ್ದರೆ ಅಲ್ಲಿ ಆ ಏಣಿ ಎತ್ತಲೇಬಾರದು. ಒಣ ಬಿದಿರಿನ ಏಣಿ ಸಾಕು.

ಕೊಯ್ಲು ಬೆಳಿಗ್ಗೆ ಏಳಕ್ಕೆ ಶುರುಮಾಡಿ ಒಂದಕ್ಕೆ ನಿಲ್ಲಿಸಿ. ನೆಲ ಕಾದು ಮೋಡ ಬೆಳೆಯುವುದು ಆಮೇಲೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಎಲ್ಲರೂ ಇಳಿದು ಪಕ್ಕಾ ಕಟ್ಟಡಕ್ಕೆ ಅಥವಾ ಲೋಹದ ಚಾವಣಿಯ, ಗಾಜು ಏರಿಸಿದ ಜೀಪಿಗೆ. ಕೊನೆಯ ಗುಡುಗಾದ ಮೂವತ್ತು ನಿಮಿಷದ ನಂತರವೇ ಮತ್ತೆ ಹೊರಗೆ. ಜನ ಜಾರುವುದು ಈ ಕೊನೆಯ ಅರ್ಧ ಗಂಟೆಯಲ್ಲೇ, ಮಳೆ ನಿಂತಿತಲ್ಲ ಎಂದು ಕಣದ ಮೆಣಸು ನೋಡಲು ಓಡುತ್ತಾರೆ.

ಮರದಡಿ, ತಗಡಿನ ಶೆಡ್ಡಿನ ಕಂಬಕ್ಕೆ ಒರಗಿ, ಸ್ಪ್ರಿಂಕ್ಲರ್ ಪೈಪಿನ ಹತ್ತಿರ ನಿಲ್ಲಬಾರದು. ಸಿಕ್ಕಿಹಾಕಿಕೊಂಡರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ಸಿಡಿಲು ನೆಲದಲ್ಲಿ ಹರಡುವಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ವೋಲ್ಟೇಜ್ ವ್ಯತ್ಯಾಸ ಬೀಳುತ್ತದೆ. ಮುಂಗಾಲು ಹಿಂಗಾಲು ದೂರ ಇರುವ ದನಗಳು ಹೆಚ್ಚು ಸಾಯುವುದು ಇದಕ್ಕೇ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಹಲವರಿಗೆ ಬಡಿದಿದ್ದರೆ ನರಳುವವರಿಗಿಂತ ಮೊದಲು ಅಲುಗದೆ ಬಿದ್ದವರನ್ನು ನೋಡಿ.

ನಿವೃತ್ತ ಲೈನ್‌ಮ್ಯಾನ್, ಚಿಕ್ಕಮಗಳೂರು:
ಗಾಳಿ ಮಳೆಯಾದ ಮೇಲೆ ಸಾಮಾನು ಸುಡುವುದು ಹೆಚ್ಚಾಗಿ ಸಿಡಿಲಿನಿಂದಲ್ಲ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಟ್ ಆಗುವುದರಿಂದ. ಕೊಂಬೆ ಬಿದ್ದು ನ್ಯೂಟ್ರಲ್ ಹರಿದರೆ 230 ವೋಲ್ಟ್ ಬರುವ ಕಡೆ 400ರ ಹತ್ತಿರ ಬರಬಹುದು. ಒಂದು ಬಲ್ಬ್ ಉರಿದುರಿದು ಬೆಳಗಿ ಇನ್ನೊಂದು ಮಂಕಾದರೆ ತಕ್ಷಣ ಮೇನ್ ಇಳಿಸಿ ವಿದ್ಯುತ್ ಕಂಪನಿಯ 1912ಕ್ಕೆ ತಿಳಿಸಿ, ಹಾಸನಕ್ಕೂ ಚಿಕ್ಕಮಗಳೂರಿಗೂ ಅದೇ ನಂಬರ್. ಲೈನಿಗೆ ತಾಗುವ ಕೊಂಬೆಯನ್ನು ನೀವೇ ಕಡಿಯಬೇಡಿ, ಲೈನ್ ಆಫ್ ಮಾಡಿಸಿ. ಬಿದ್ದ ತಂತಿಯಿಂದ ಹತ್ತು ಮೀಟರ್ ಆಚೆ ಇರಿ.

ಬೇಲಿ ಕೆಲಸದವರು, ಆಲೂರು:
ಆನೆಗೆ ಸೋಲಾರ್ ಬೇಲಿ ಇದ್ದರೆ ಅದರ ಅರ್ಥ್ ಮನೆಯ ಅರ್ಥಿನಿಂದ ಹತ್ತು ಮೀಟರಾದರೂ ದೂರವಿರಲಿ. ಗುಡುಗು ಹತ್ತಿರ ಬರುವ ಮೊದಲೇ ಬೇಲಿಗೆ ಶಾಕ್ ಕೊಡುವ ಯಂತ್ರದಿಂದ ಬೇಲಿ ತಂತಿ ಬಿಚ್ಚಿಡಿ. ಉದ್ದ ತಂತಿ ಸಿಡಿಲನ್ನು ಸೀದಾ ಒಳಗೆ ತರುತ್ತದೆ.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ಮುನ್ಸೂಚನೆಗೆ ಯಾವುದನ್ನು ನಂಬುವುದು? ಇಂಟರ್ನೆಟ್ ಫೈಬರ್ ಆದರೂ ಅದರ ಪೆಟ್ಟಿಗೆಯ ಪ್ಲಗ್ ಕೀಳಬೇಕೇ?

ವೈರಿಂಗ್ ಕೆಲಸದವರು, ಹಾಸನ:
ಹವಾಮಾನ ಇಲಾಖೆಯ ಹಳದಿ, ಕಿತ್ತಳೆ ಬಣ್ಣದ ಎಚ್ಚರಿಕೆ ಇಡೀ ಜಿಲ್ಲೆಯದು, ಅದನ್ನು ನೋಡಿ ದಿನದ ಕೆಲಸ ಹಂಚಿಕೊಳ್ಳಿ. ಆ ಗಳಿಗೆಗೆ ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ, ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರಿನಲ್ಲಿ ಬಿದ್ದ ಸಿಡಿಲು ತೋರಿಸುತ್ತದೆ. ನೆಟ್‌ವರ್ಕ್ ಸಿಗದ ಮೂಲೆಯಲ್ಲಿ ಸೆಕೆಂಡ್ ಎಣಿಸುವುದೇ ಗತಿ.

ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಅದು ತರುತ್ತದೆ. ಆ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ ಕಟ್ಟಲು ಹೇಳಿ. ಪೆಟ್ಟಿಗೆಯ ಅಡಾಪ್ಟರನ್ನಂತೂ ಪ್ಲಗ್‌ನಿಂದ ಕೀಳಿ, ಗುಡುಗು ಶುರುವಾಗುವ ಮೊದಲೇ.