ಪದ ಬೇಕು: ಹೊಲಿದು ಮಿಕ್ಕ ಬಟ್ಟೆ ಚೂರಿನ ಸಾಮಾನಿಗೆ ಬೋರ್ಡಿನಲ್ಲಿ ಏನೆಂದು ಬರೆಸಲಿ?

ಸೂಜಿಮಲ್ಲಿಗೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಸಂತೆಯಲ್ಲಿ ನನ್ನದೂ ಒಂದು ಮೇಜು ಇದೆ. ಬೋರ್ಡ್ ಬರೆಯುವವರು ನಾಳೆ ಸಂಜೆಯೊಳಗೆ ಏನು ಬರೆಯಬೇಕೆಂದು ಹೇಳಿ ಅಂದಿದ್ದಾರೆ. ಹಾಗಾಗಿ ಅವಸರ.

ದರ್ಜಿ ಅಂಗಡಿಯಲ್ಲಿ ರವಿಕೆ, ಚೂಡಿದಾರ್ ಕತ್ತರಿಸಿದ ಮೇಲೆ ಮಿಕ್ಕುವ ಚೂರುಗಳನ್ನು ಕೇಳಿ ತರುತ್ತೇನೆ. ಒಗೆದು, ಇಸ್ತ್ರಿ ಮಾಡಿ, ಬಣ್ಣ ನೋಡಿ ಜೋಡಿಸಿ ಹೊಲಿಯುತ್ತೇನೆ. ಮಕ್ಕಳ ಪುಟ್ಟ ಹೊದಿಕೆ, ಬಟ್ಟೆ ಚೆಂಡು, ಆನೆ, ಮಸಿಬಟ್ಟೆ, ಸಣ್ಣ ಚೀಲ, ಜೊಲ್ಲು ಸುರಿಸುವ ಮಕ್ಕಳ ಕುತ್ತಿಗೆಗೆ ಕಟ್ಟುವ ಬಟ್ಟೆ. ಮನೆಯಲ್ಲಿ ಒಂದೂವರೆ ವರ್ಷದ ಮಗಳಿದ್ದಾಳೆ. ಅವಳು ಮಲಗಿದಾಗ ಮಿಷನ್ ತುಳಿಯುವ ಹಾಗಿಲ್ಲ, ಸದ್ದಿಗೆ ಏಳುತ್ತಾಳೆ. ಎದ್ದಿರುವಾಗ ಸೂಜಿ, ಕತ್ತರಿ ಹೊರಗೆ ಇಡುವ ಹಾಗಿಲ್ಲ. ಆದ್ದರಿಂದ ಅವಳ ನಿದ್ದೆಯ ಹೊತ್ತಿನಲ್ಲಿ ಕೈಯಲ್ಲಿ ಹೊಲಿಯುತ್ತೇನೆ. ಅವರಪ್ಪ ಪಾರ್ಕಿಗೆ ಕರೆದುಕೊಂಡು ಹೋದಾಗ ಮಿಷನ್. ಆನೆಯ ಕಣ್ಣಿಗೆ ಗುಂಡಿ ಹಾಕುವುದಿಲ್ಲ. ಮಕ್ಕಳು ಕಿತ್ತು ಬಾಯಿಗೆ ಹಾಕುತ್ತವೆ. ದಾರದಲ್ಲೇ ಕಣ್ಣು ತುಂಬುತ್ತೇನೆ.

ನನಗೆ ಬೇಕಾದ್ದು ಇಷ್ಟು. ಈ ಎಲ್ಲ ಸಾಮಾನಿಗೂ ಸೇರಿ ಒಂದು ಹೆಸರು. ಆಮೇಲೆ ಪುಟ್ಟ ಹೊದಿಕೆಯನ್ನು ಕೌದಿ ಅನ್ನಬಹುದೇ? ಗದಗಿನ ನಮ್ಮ ಅತ್ತೆ "ಇದು ಕೌದಿಯೇ ಅಲ್ಲ" ಅಂದುಬಿಟ್ಟರು. ಕೊನೆಯದು, ಜನ ‘ಬಿಬ್’ ಅನ್ನುತ್ತಾರಲ್ಲ, ಅದಕ್ಕೆ ಏನನ್ನೋಣ? ಪ್ಯಾಚ್‌ವರ್ಕ್ ಎಂದೇ ಬರೆಸಿ ಎಂದು ಮಾತ್ರ ಹೇಳಬೇಡಿ. ಅದು ನನಗೂ ಗೊತ್ತು.

ಅಚ್ಚಗನ್ನಡ ಬರೆದದ್ದು:

ಚೂರುಹೊಲಿಗೆ. ಮುಗಿಯಿತು.

ಜೊತೆಗೆ ಎರಡು ಮಾತು. ‘ಕರಕುಶಲ’ ಎಂದು ಬರೆಸಬೇಡಿ, ಕಯ್ಗೆಲಸ ಅನ್ನಿ. ದರ್ಜಿ ಪಾರಸಿ ಪದ. ಕನ್ನಡದಲ್ಲಿ ಚಿಪ್ಪಿಗ ಇದೆ. ಎರವಲು ತಂದು ತಂದು ನಮ್ಮ ಪದಗಳ ಅರ್ತವೇ ನಮಗೆ ಮರೆತುಹೋಗಿದೆ.

ಹಳೆಮೇಷ್ಟ್ರು ಬರೆದದ್ದು:

ಚೂರುಹೊಲಿಗೆ ಎಂದರೆ ಕೆಲಸದ ಹೆಸರಾಯಿತು. ಆಕೆ ಕೇಳಿದ್ದು ಸಾಮಾನಿನ ಹೆಸರು. ‘ಹೊಲಿಗೆ ಬಿಚ್ಚಿತು’ ಅನ್ನುತ್ತೇವೆ, ‘ಎರಡು ಹೊಲಿಗೆ ಕೊಡಿ’ ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಚಿಪ್ಪಿಗ ಜಾತಿಯ ಹೆಸರೂ ಹೌದು. ಸಂತೆಯ ಬೋರ್ಡಿಗೆ ಆ ರಗಳೆ ಏಕೆ?

ಕೌದಿಯ ಬಗ್ಗೆ ನನ್ನ ಹಳೆಯ ವಾದ ಇಲ್ಲಿ ಕೆಲವರಿಗೆ ಗೊತ್ತೇ ಇದೆ. ಅದು ‘ಕವಿ’ ಧಾತುವಿನಿಂದ ಬಂದದ್ದು. ಮೋಡ ಕವಿಯುತ್ತದೆ, ಕತ್ತಲೆ ಕವಿಯುತ್ತದೆ. ಮೈಯನ್ನು ಕವಿಯುವುದು ಕವುದಿ, ಕವುದಿ ಕೌದಿಯಾಯಿತು. ಸವತೆ ಸೌತೆಯಾದ ಹಾಗೆ, ಅವುಡು ಔಡಾದ ಹಾಗೆ.

ಕಾಜಗುಂಡಿ ಬರೆದದ್ದು:

ಮೇಷ್ಟ್ರೇ, ಮತ್ತೆ ಅದೇನಾ? ಸವತೆ, ಅವುಡು ಹೇಳಿದರೆ ‘ಅವ’, ‘ಅವು’ ಔ ಆಗುತ್ತವೆ ಎಂದಷ್ಟೇ ಗೊತ್ತಾಯಿತು. ‘ಕವಿ’ ಎಂಬ ಧಾತುವಿಗೆ ‘ದಿ’ ಎಂಬ ಪ್ರತ್ಯಯ ಎಲ್ಲಿಂದ ಬಂದು ಅಂಟಿಕೊಂಡಿತು? ಹಾಗೆ ಹುಟ್ಟಿದ ಇನ್ನೊಂದು ನಾಮಪದ ತೋರಿಸಿ, ಒಪ್ಪುತ್ತೇನೆ.

ಧಾರವಾಡದಿಂದ ಬರೆದದ್ದು:

ತಂಗಿ, ನಿಮ್ಮ ಅತ್ತೆಯವರು ಹೇಳಿದ್ದೇ ಸರಿ.

ಕೌದಿ ಅಂದರೆ ಸುಮ್ನೆ ಚೂರು ಜೋಡಿಸಿದ್ದಲ್ಲ. ಹಳೆಯ ಕಾಟನ್ ಸೀರೆ, ಧೋತರ ಪದರು ಪದರಾಗಿ ಹಾಸಬೇಕು. ಮೇಲೆ ಕೆಳಗೆ ಗಟ್ಟಿ ಇರುವ ಬಟ್ಟೆ, ಸವೆದದ್ದು ಒಳಗೆ. ಆಮೇಲೆ ದಪ್ಪ ದಾರದಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ ಹಾಕಿ ಪದರುಗಳನ್ನು ಒಂದು ಮಾಡಬೇಕು. ತೊಟ್ಟು ತೊಟ್ಟು, ಒಗೆದು ಒಗೆದು ಮೆತ್ತಗಾದ ಅರಿವೆ ಅದು. ಅದಕ್ಕೇ ಕೂಸಿನ ಮೈಗೆ ಒಗ್ಗುತ್ತದೆ. ನಮ್ಮ ಕಡೆ ಮನೆಮನೆಗೆ ಬಂದು, ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುವ ಹೆಂಗಸರು ಇದ್ದರು. ಅರಿವೆ ನಮ್ಮದು, ಕೂಲಿ ಅವರದು. ಅಂಗಡಿಯ ಹೊಸ ಚೂರು, ನಡುವೆ ಸ್ಪಂಜು, ಮೇಲೆ ಮಿಷನ್ ಹೊಲಿಗೆ ಅಂದರೆ ಅದು ಹೊದಿಕೆ. ಚೆಂದ ಇರಬಹುದು. ಕೌದಿ ಅಲ್ಲ.

ಅಚ್ಚಗನ್ನಡ ಬರೆದದ್ದು:

ಮಿಷನ್ ಹೊಲಿಗೆ ಹಾಕಿದರೆ ಪದ ಸಾಯುತ್ತದೆಯೇ? ರೊಟ್ಟಿ ಮಿಷನ್ನಿನಲ್ಲಿ ಒತ್ತಿದರೂ ರೊಟ್ಟಿಯೇ.

ಧಾರವಾಡದಿಂದ ಬರೆದದ್ದು:

ಅಲ್ಲ. ತಿಂದು ನೋಡಿ.

ಯಲ್ಲಾಪುರದವಳು ಬರೆದದ್ದು:

ಕೌದಿ ಅಂದಕೂಡಲೇ ಧಾರವಾಡದವರು ಓಡಿ ಬರುತ್ತೀರಿ. ನಮ್ಮ ಕಡೆಯದನ್ನೂ ಹೇಳಬೇಕಲ್ವಾ? ಯಲ್ಲಾಪುರ, ಹಳಿಯಾಳ, ಮುಂಡಗೋಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವುದು ಕವಂದಿ. ಅದರಲ್ಲಿ ಮೇಲ್ಮೈಯೇ ಚೂರುಗಳದ್ದು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ. ಚೂರಿನ ಮೇಲೆ ಚೂರು ಇಟ್ಟು, ಅಂಚು ಒಳಗೆ ಮಡಚಿ ಹೊಲಿಗೆ. ಅಳತೆ ಬರೆದುಕೊಳ್ಳುವುದಿಲ್ಲ, ನಕ್ಷೆ ಇರುವುದಿಲ್ಲ. ಕೈಗೆ ಬಂದ ಬಣ್ಣ ನೋಡಿ ಮುಂದಿನದನ್ನು ಇಡುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ಚೂರು ಕೂರಿಸಿ ‘ಫೂಲ’ ಅನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೋಳು. ಮೇಷ್ಟ್ರು ‘ಕವಿ’ ಧಾತು ಹಿಡಿದು ಕೂರುವ ಮೊದಲು ಆ ‘ಂದಿ’ಗೂ ಒಂದು ಲೆಕ್ಕ ಕೊಡಲಿ.

ಹಾಗಾಗಿ ಚೂರು ಹಾಕಿದರೆ ಕೌದಿ ಅಲ್ಲ ಅನ್ನುವುದು ನಿಮ್ಮ ಊರಿನ ಕಾನೂನು. ಆದರೂ ಬೋರ್ಡಿನಲ್ಲಿ ಕವಂದಿ ಎಂದು ಮಾತ್ರ ಬರೆಸಬೇಡಿ. ಅದು ಆ ಹೆಂಗಸರ ಕೈಕೆಲಸದ ಹೆಸರು, ಅವರಿಗೇ ಇರಲಿ.

ಇನ್ನೊಂದು. ‘ಹೊದಿಕೆ’ ಅನ್ನುವುದೂ ಬೇಡ. ಒಂದು ವರ್ಷದೊಳಗಿನ ಮಗು ಮಲಗುವಲ್ಲಿ ಸಡಿಲ ಹೊದಿಕೆ ಹಾಕಬೇಡಿ, ಮುಖದ ಮೇಲೆ ಬಂದರೆ ಉಸಿರುಕಟ್ಟುತ್ತದೆ ಎಂದು ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ನೆಲಕ್ಕೆ ಹಾಕಿ ಮಗುವನ್ನು ಆಡಲು ಬಿಡುವುದಾದರೆ ‘ಹಾಸು’ ಎಂದು ಬರೆಸಿ. ಪದವೇ ಬಳಕೆ ಹೇಳುತ್ತದೆ.

ಸೂಜಿಮಲ್ಲಿಗೆ ಬರೆದದ್ದು:

ಯಲ್ಲಾಪುರದ ಅಕ್ಕ, ‘ಹಾಸು’ ತುಂಬಾ ಚೆನ್ನಾಗಿದೆ. ಹೊಲಿದದ್ದೂ ಅದಕ್ಕೇ, ಮಗಳು ಅದರ ಮೇಲೆ ಕೂತು ಡಬ್ಬಿ ಬಡಿಯುತ್ತಾಳೆ. ಒಂದು ಪದ ಸಿಕ್ಕಿತು. ಉಳಿದದ್ದು?

ಕಾಜಗುಂಡಿ ಬರೆದದ್ದು:

ಒಂದು ಎಚ್ಚರಿಕೆ. ಆನೆ, ಚೆಂಡಿನ ಮುಂದೆ ‘ಆಟಿಕೆ’ ಎಂದು ಬರೆಯುವ ಮೊದಲು ನೋಡಿಕೊಳ್ಳಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ‘ಗೊಂಬೆ’ ಎಂದು ಬರೆದರೆ ತಪ್ಪಿಸಿಕೊಳ್ಳಬಹುದಾ ಎಂದು ಕೇಳಬೇಡಿ. ಪದ ಬದಲಾದರೆ ಕಾನೂನು ಬದಲಾಗುವುದಿಲ್ಲ.

ಅಚ್ಚಗನ್ನಡಿಗರಿಗೆ: ನೀವು ಬೇಡ ಅನ್ನುವ ‘ಕರಕುಶಲ’ ಇಲ್ಲದೆ ಆ ಕಚೇರಿಯ ಬಾಗಿಲೂ ಸಿಗುವುದಿಲ್ಲ.

ಅಚ್ಚಗನ್ನಡ ಬರೆದದ್ದು:

ಕಚೇರಿಯವರು ಕೆಟ್ಟ ಕನ್ನಡ ಬರೆದರೆ ನಾವೂ ಬರೆಯಬೇಕೇ? ಹೊಲಿಗೆ ನಮ್ಮ ಹೆಂಗಸರ ಕೆಲಸ. ಅದರಲ್ಲಿ ಎಲ್ಲಕ್ಕೂ ನಮ್ಮದೇ ಪದ ಇದೆ. ಹುಡುಕುವ ಮನಸ್ಸಿಲ್ಲ, ಅಷ್ಟೇ.

ಕಾಜಗುಂಡಿ ಬರೆದದ್ದು:

ಬನ್ನಿ, ಹುಡುಕೋಣ. ನನ್ನ ಹೆಸರಿನಿಂದಲೇ ಶುರುಮಾಡಿ. ಕಾಜ ಪೋರ್ಚುಗೀಸರ ‘ಕಾಸಾ’, ಅಂದರೆ ಮನೆ. ಗುಂಡಿಯ ಮನೆ. ಇಸ್ತ್ರಿಯೂ ಅವರದೇ. ಅಸ್ತರ, ದರ್ಜಿ ಪಾರಸಿಯಿಂದ. ಜೇಬು ಅರಬ್ಬಿಯಿಂದ ಪಾರಸಿಯ ದಾರಿಯಲ್ಲಿ ಬಂದದ್ದು. ಸೂಜಿ ಸಂಸ್ಕೃತದ ಸೂಚಿ. ಕತ್ತರಿ ಕರ್ತರಿ. ನಿಮಗೆ ಉಳಿದದ್ದು ಹೊಲಿ ಮತ್ತು ನೂಲು. ನೂಲು ಇದೆ, ಸೂಜಿ ಇಲ್ಲ. ಹೊಲಿಯಿರಿ ನೋಡೋಣ.

ಹಳೆಮೇಷ್ಟ್ರು ಬರೆದದ್ದು:

ಕಾಜಗುಂಡಿಯವರು ಒಂದನ್ನು ಬಿಟ್ಟರು, ಅದೇ ಮುಖ್ಯವಾದದ್ದು. ಧಾರವಾಡದವರು ‘ಅರಿವೆ’ ಎಂದು ಬರೆದರಲ್ಲ, ಅದನ್ನು ಯಾರೂ ಹಿಡಿಯಲಿಲ್ಲ. ಹಳಗನ್ನಡದಲ್ಲಿ ಅದು ಶಕಟ ರೇಫದ, ಅಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದ ಅಱುವೆ. ತಮಿಳಿನಲ್ಲೂ ಅದೇ ಱಕಾರದ ‘ಅಱುವೈ’ ಇದೆ, ಅದಕ್ಕೂ ಬಟ್ಟೆ ಎಂದೇ ಅರ್ಥ. ಅಱು ಎಂದರೆ ಕಡಿದುಹೋಗು, ತುಂಡಾಗು. ಮಗ್ಗದಿಂದ ತುಂಡರಿಸಿ ತೆಗೆದದ್ದು ಅರಿವೆ. ಅಂದರೆ ನೀವು ಹುಡುಕುತ್ತಿರುವ ಚೂರು ಆ ಪದದ ಹೊಟ್ಟೆಯಲ್ಲೇ ಇದೆ! ‘ತುಂಡರಿವೆ’ ಎಂದು ಬರೆಸಿ.

ಕಂತೆ, ಬೊಂತೆ ಎರಡೂ ಇವೆ. ‘ಕಂತೆಗೆ ತಕ್ಕ ಬೊಂತೆ’ ಗಾದೆಯನ್ನು ಈಗ ಜೋಡಿಯನ್ನು ಹಂಗಿಸಲು ಬಳಸುತ್ತೇವೆ. ಎರಡೂ ತೇಪೆ ಹಾಕಿದ ಬಟ್ಟೆಯ ಹೆಸರುಗಳೇ. ಕಂತೆ ಸಂಸ್ಕೃತದ ಕಂಥಾ. ಬಂಗಾಳದವರು ಅದೇ ಪದವನ್ನು ಇಟ್ಟುಕೊಂಡು ಕಾಂಥಾ ಸೀರೆಯನ್ನು ದುಡ್ಡು ಕೊಟ್ಟು ಕೊಳ್ಳುವಂತೆ ಮಾಡಿದರು. ನಾವು ‘ಅಂತೆಕಂತೆ’ ಮಾಡಿ ಬಿಟ್ಟೆವು.

ಕಾಜಗುಂಡಿ ಬರೆದದ್ದು:

ಅರಿವೆಯ ಮಾತು ಒಪ್ಪಿದೆ. ಒಪ್ಪಿದ್ದರಿಂದಲೇ ‘ತುಂಡರಿವೆ’ ಬೇಡ. ತುಂಡಿನ ತುಂಡು ಆಯಿತು. ಅದೂ ಅಲ್ಲದೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಜನ ಅದನ್ನು ‘ತುಂಡು ಅರಿವು’ ಎಂದು ಓದುತ್ತಾರೆ.

ಧಾರವಾಡದಿಂದ ಬರೆದದ್ದು:

ಅರಿವೆ ಗೊತ್ತಿಲ್ಲದವರಿಗೆ ಕಲಿಸಬೇಕು. ಬೆಂಗಳೂರಿಗೆ ಗೊತ್ತಿಲ್ಲ ಎಂದು ಪದ ಬಿಡುತ್ತಾ ಹೋದರೆ ನಮಗೆ ಉಳಿಯುವುದು ‘ಡ್ರೆಸ್ ಮೆಟೀರಿಯಲ್’.

ಹಿಂದಿನ ಬೆಂಚು ಬರೆದದ್ದು:

‘ಚಿಂದಿ’ ಎಂದೇ ಬರೆಸಿ. ಚಿಂದಿ ಅಂದರೆ ಈಗ ಹುಡುಗರ ಬಾಯಲ್ಲಿ ಸೂಪರ್ ಎಂದು ಅರ್ಥ. ಚಿಂದಿ ಚಿತ್ರಾನ್ನ!

ಹಳೆಮೇಷ್ಟ್ರು ಬರೆದದ್ದು:

ಬೇಡ.

ಸೂಜಿಮಲ್ಲಿಗೆ ಬರೆದದ್ದು:

ಚಿಂದಿ ಖಂಡಿತ ಬೇಡ. ಒಗೆಯದೆ ತಂದಿದ್ದಾರೆ ಅಂದುಕೊಳ್ಳುತ್ತಾರೆ. ‘ತೇಪೆ’ಯೂ ಬೇಡ, ‘ಸುಮ್ನೆ ತೇಪೆ ಹಚ್ಚಿದ್ದಾರೆ’ ಎಂಬ ಅರ್ಥ ಬರುತ್ತದೆ. ‘ಬಟ್ಟೆ ಚೂರಿನ ಕೈಹೊಲಿಗೆ’ ಎಂದು ಬರೆಸಿದರೆ ಹೇಗೆ?

ಯಲ್ಲಾಪುರದವಳು ಬರೆದದ್ದು:

ಅರ್ಧ ಕೆಲಸ ಮಿಷನ್ನಿನಲ್ಲಿ ಎಂದು ನೀವೇ ಬರೆದಿದ್ದೀರಿ. ಕೈಹೊಲಿಗೆ ಎಂದು ನಂಬಿ ಕೊಂಡವರು ತಿರುಗಿಸಿ ನೋಡಿದರೆ? ‘ಮನೆಹೊಲಿಗೆ’ ಅನ್ನಿ. ಮಿಷನ್ನೂ ಮನೆಯದೇ.

ತುಮಕೂರಿನವ ಬರೆದದ್ದು:

ಚೂರುಪಾರು.

ಅಚ್ಚಗನ್ನಡ ಬರೆದದ್ದು:

‘ಪಾರು’ವಿಗೆ ಅರ್ತ ಏನು? ಪಾರು ಯಾರು ಎಂದು ಗಿರಾಕಿ ಕೇಳುತ್ತಾರೆ.

ಹಳೆಮೇಷ್ಟ್ರು ಬರೆದದ್ದು:

ಜೋಡುನುಡಿಯಲ್ಲಿ ಎರಡನೆಯದಕ್ಕೆ ಅರ್ಥ ಇರಲೇಬೇಕೆಂದು ಯಾರು ಹೇಳಿದರು? ‘ಚೂರುಗೀರು’ ಅಂದರೆ ತಾತ್ಸಾರ ಬರುತ್ತಿತ್ತು. ಚೂರುಪಾರಿನಲ್ಲಿ ಅದಿಲ್ಲ. ಅಲ್ಲಿ ಇಲ್ಲಿ ಮಿಕ್ಕದ್ದು, ಇನ್ನೂ ಬಳಕೆಗೆ ಬರುವುದು ಎಂಬ ಭಾವ ಇದೆ. ತುಮಕೂರಿನವರು ಒಂದೇ ಪದ ಬರೆದು ಮುಗಿಸಿದರು. ನಾವು ಇಷ್ಟು ಬರೆದೆವು.

ಕಾಜಗುಂಡಿ ಬರೆದದ್ದು:

ನೀವು ಬರೆದಿರಿ.

ಸೂಜಿಮಲ್ಲಿಗೆ ಬರೆದದ್ದು:

ಚೂರುಪಾರು! ಇಷ್ಟು ಹತ್ತಿರದ ಪದ ಹೊಳೆಯಲೇ ಇಲ್ಲ. ಬೋರ್ಡಿನವರಿಗೆ ಈಗಷ್ಟೇ ಕಳಿಸಿದೆ. ದೊಡ್ಡದಾಗಿ ‘ಚೂರುಪಾರು’, ಕೆಳಗೆ ‘ಮಿಕ್ಕ ಬಟ್ಟೆಯ ಮನೆಹೊಲಿಗೆ’. ಮೇಜಿನ ಮೇಲೆ ಹಾಸು, ಮಸಿಬಟ್ಟೆ, ಚೀಲ ಎಂದು ಚೀಟಿ ಇಡುತ್ತೇನೆ. ಆನೆ, ಚೆಂಡು ಈ ಸಲ ಮಾರುವುದಿಲ್ಲ, ಮಗಳ ಪಾಲಿಗೆ. ನೋಂದಣಿ ಮಾಡಿಸಿದ ಮೇಲೆ ನೋಡೋಣ. ಬಿಬ್‌ಗೆ ‘ಜೊಲ್ಲುಬಟ್ಟೆ’ ಎಂದು ಬರೆಯುತ್ತಿದ್ದೇನೆ, ಯಾರಿಗಾದರೂ ತಕರಾರು ಇದ್ದರೆ ಈಗಲೇ ಹೇಳಿ. ಎಲ್ಲರಿಗೂ ಥ್ಯಾಂಕ್ಸ್.

ಧಾರವಾಡದಿಂದ ಬರೆದದ್ದು:

ಜೊಲ್ಲರಿವೆ.

ಅಚ್ಚಗನ್ನಡ ಬರೆದದ್ದು:

ಥ್ಯಾಂಕ್ಸ್ ಅಲ್ಲ, ನನ್ನಿ. ಬೋರ್ಡ್ ಅಲ್ಲ, ಹಲಗೆ.

ಹಳೆಮೇಷ್ಟ್ರು ಬರೆದದ್ದು:

ಹಲಗೆ ಸಂಸ್ಕೃತದ ಫಲಕ.